ಸೈಕಲ್ಲು ಮುರಿದರೆ ತಪ್ಪು ಯಾರದು?



ತಿಕೋಟಾ, ಬಬಲೇಶ್ವರದ ಸುತ್ತ ಹಳ್ಳಿಗಳಿವೆ. ಹೊಲದಾಗಿನ ಮನೆಗಳಿವೆ. ಅಲ್ಲಿಂದ ಹೈಸ್ಕೂಲಿಗೆ ನಡೆದು ಹೋಗುವುದು ಕಷ್ಟ. ಸೈಕಲ್ಲು ಇದ್ದರೆ ಮಗಳು ಸಾಲಿಗೆ ಹೋಗತಾಳೆ. ಸೈಕಲ್ಲು ಮುರಿದರೆ? "ಇನ್ನ ಸಾಲಿ ಸಾಕು" ಅನ್ನುವವರು ಮನೆಯಲ್ಲೇ ಇರತಾರೆ. ಅದಕ್ಕೇ ಸೈಕಲ್ಲಿನ ವಿಷಯ ತಾಯಿಗೂ ತಿಳಿದಿರಬೇಕು.

ಹೊಸ ಸೈಕಲ್ಲು ತಂದ ತಿಂಗಳಿಗೇ ಪೆಡಲು ಮುರಿಯಿತು ಅನ್ನಿ. ನಾವು ಏನಂತೀವಿ? "ಹುಡುಗಿ ಜೋರು ತುಳಿದಳು" ಅಂತೀವಿ. "ನಮ್ಮ ಹಣೆಬರಹ" ಅಂತೀವಿ.

ಆದರೆ ತಪ್ಪು ಕಾರಖಾನೆಯಲ್ಲೇ ಆಗಿರಬಹುದು. ಬೆಸುಗೆ ಸರಿ ಕೂತಿರಲಿಕ್ಕಿಲ್ಲ. ಕಬ್ಬಿಣ ತೆಳುವಾಗಿರಬಹುದು. ಹಾಗಿದ್ದರೆ ಜೊತೆಗೆ ತಯಾರಾದ ಬೇರೆ ಸೈಕಲ್ಲುಗಳಲ್ಲೂ ಅದೇ ತಪ್ಪು ಇರಬಹುದು. ಇವತ್ತು ನಮ್ಮ ಹುಡುಗಿ ಬಿದ್ದಳು. ನಾಳೆ ಇನ್ನೊಬ್ಬರ ಹುಡುಗಿ ಬೀಳತಾಳೆ.

ಇಂಥ ಮಾಲನ್ನು ಕಂಪನಿ ವಾಪಸ್ಸು ಕರೆಯಬೇಕು. ಪುಕ್ಕಟೆ ದುರಸ್ತಿ ಮಾಡಬೇಕು. ಇಲ್ಲವೇ ಬದಲಿ ಕೊಡಬೇಕು, ಹಣ ಮರಳಿಸಬೇಕು. ಇದಕ್ಕೆ 'ರಿಕಾಲ್' ಎನ್ನುತ್ತಾರೆ.

ಜಪಾನಿನ ಶಿಮಾನೊ ಕಂಪನಿ ಸೈಕಲ್ಲಿನ ಬಿಡಿಭಾಗ ತಯಾರಿಸುತ್ತದೆ. ಪೆಡಲು ಕೂಡಿಸುವ ಕೋಲು ಅದರಲ್ಲೊಂದು. ಒಂದು ನಮೂನೆಯ ಕೋಲನ್ನು ಎರಡು ತುಂಡು ಅಂಟಿಸಿ ಮಾಡಿದ್ದರು. ಆ ಅಂಟು ಬಿಡತೊಡಗಿತು. ಹೀಗಾದ ಸುದ್ದಿ ಕಂಪನಿಗೆ 4,500ಕ್ಕೂ ಹೆಚ್ಚು ಸಲ ಬಂತು. 2023ರ ಸೆಪ್ಟೆಂಬರಿನಲ್ಲಿ ಕಂಪನಿ ಪುಕ್ಕಟೆ ತಪಾಸಣೆ ಸಾರಿತು. ಅಮೆರಿಕ, ಕೆನಡಾ ಎರಡೇ ದೇಶಗಳಲ್ಲಿ ಇಂಥವು ಸುಮಾರು 7 ಲಕ್ಷ 60 ಸಾವಿರ ಇದ್ದವು. ಅಂಟು ಬಿಟ್ಟಿದ್ದರೆ ಬದಲಿ ಕೊಡುವುದಾಗಿ ಹೇಳಿತು. ಜನ ಸುಮ್ಮನೆ ಕೂತಿದ್ದರೆ ಇದು ಆಗುತ್ತಿತ್ತೇ?

ನಮ್ಮ ರಾಜ್ಯದಲ್ಲೂ ಇಂಥದು ನಡೆದಿದೆ. 8ನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಸರಕಾರದ ಯೋಜನೆ 2006-07ರಲ್ಲಿ ಶುರುವಾಯಿತು. 2018ರಲ್ಲಿ ಆ ಸೈಕಲ್ಲುಗಳು ಕಳಪೆ ಎಂದು ದೂರು ಬಂದವು. ಆಗ ಸರಕಾರ ಹಂಚಿಕೆಯನ್ನು ತಡೆಯಿತು.

ಕಾನೂನು ನಮ್ಮ ಕಡೆ ಇದೆ. ಅದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ. 2020ರ ಜುಲೈನಲ್ಲಿ ಜಾರಿಗೆ ಬಂತು. ಅಪಾಯದ ಮಾಲನ್ನು ವಾಪಸ್ಸು ಕರೆಯಿರಿ ಎಂದು ಕಂಪನಿಗೆ ಆಜ್ಞೆ ಮಾಡುವ ಪ್ರಾಧಿಕಾರ ದಿಲ್ಲಿಯಲ್ಲಿದೆ.

ನಾವು ಏನು ಮಾಡಬೇಕು?

ಸೈಕಲ್ಲು ಕೊಳ್ಳುವಾಗ ಬಿಲ್ಲು ಕೇಳಿ ಪಡೆಯಿರಿ. ಅದನ್ನು ಜೋಪಾನ ಮಾಡಿರಿ. ಸೈಕಲ್ಲಿನ ಮೈಮೇಲೆ ಒಂದು ನಂಬರು ಕೊರೆದಿರುತ್ತದೆ. ಅದನ್ನು ಬರೆದಿಡಿರಿ.

ವಾರಕ್ಕೊಮ್ಮೆ ಬ್ರೇಕು ಹಿಡಿದು ನೋಡಿರಿ. ಗಾಲಿಯ ನಟ್ಟು ನೋಡಿರಿ. ಬೆಸುಗೆ ಹಾಕಿದಲ್ಲಿ ಬಿರುಕು ಕಂಡರೆ ಆ ಸೈಕಲ್ಲು ಹತ್ತಬೇಡಿರಿ.

ಮುರಿದ ತುಂಡನ್ನು ಗುಜರಿಗೆ ಹಾಕಬೇಡಿರಿ. ಅದೇ ಸಾಕ್ಷಿ.

ಮೊದಲು ಅಂಗಡಿಯವರಿಗೆ ಹೇಳಿರಿ. ಕೇಳದಿದ್ದರೆ 1915ಕ್ಕೆ ಫೋನು ಮಾಡಿರಿ. ಅದು ಗ್ರಾಹಕರ ಸಹಾಯವಾಣಿ. ಫೋನಿಗೆ ದುಡ್ಡು ಬೀಳುವುದಿಲ್ಲ.

ಅದಕ್ಕೂ ಬಗ್ಗದಿದ್ದರೆ ವಿಜಯಪುರದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಮಾಲಿಗೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ.

ಈಗ ನಮಗೆ ಬಿಲ್ಲು ಓದಲು ಬರುತ್ತದೆ. ದೂರು ಬರೆಯಲೂ ಬರುತ್ತದೆ. ಹಾಗಾದರೆ ಹಣೆಬರಹ ಅಂತ ಯಾಕೆ ಸುಮ್ಮನಿರಬೇಕು?

ಕೂಡಿ ಮಾತಾಡಿರಿ: ನಿಮ್ಮ ಓಣಿಯಲ್ಲಿ ಎಷ್ಟು ಹುಡುಗಿಯರು ಸೈಕಲ್ಲಿನ ಮೇಲೆ ಸಾಲಿಗೆ ಹೋಗತಾರೆ? ಅವರ ಸೈಕಲ್ಲಿನ ಬಿಲ್ಲು ಎಲ್ಲಿದೆ?