ಹಲ್ಲು ಹುಳುಕಾಗದ ಹ್ಯಾಮ್‌ಸ್ಟರ್‌ಗಳು

ವಾಷಿಂಗ್ಟನ್ ಡಿ.ಸಿ.ಗೆ ಅಂಟಿಕೊಂಡಿರುವ ಊರು ಬೆಥೆಸ್ಡಾ. ಅಲ್ಲಿನ ಪ್ರಯೋಗಾಲಯವೊಂದರಲ್ಲಿ 1950ರ ದಶಕದ ಕೊನೆಗೆ ಪಾಲ್ ಕೀಸ್ ಎಂಬ ದಂತವಿಜ್ಞಾನಿ ಹ್ಯಾಮ್‌ಸ್ಟರ್‌ಗಳಿಗೆ ಸಕ್ಕರೆ ತಿನ್ನಿಸುತ್ತಿದ್ದರು. ಚಿಟಿಕೆ ಸಕ್ಕರೆಯಲ್ಲ, ಮೇವಿನ ಅರ್ಧಕ್ಕಿಂತ ಹೆಚ್ಚು ಪಾಲು ಅದೇ, ಜೊತೆಗೆ ಹಾಲಿನ ಪುಡಿ. ಸಿಕ್ಕಿದ್ದನ್ನೆಲ್ಲ ಕೆನ್ನೆಯ ಚೀಲದಲ್ಲಿ ತುಂಬಿಟ್ಟುಕೊಳ್ಳುವ ಈ ಪುಟ್ಟ ಪ್ರಾಣಿಯ ದವಡೆ ಹಲ್ಲು ಇಂಥ ಮೇವಿಗೆ ಬೇಗ ಹುಳುಕಾಗುತ್ತದೆ. ಹಾಗಾಗಿಯೇ ಹಲ್ಲಿನ ಸಂಶೋಧಕರಿಗೆ ಅದು ಬಹಳ ಇಷ್ಟ. ಪ್ರಯೋಗಾಲಯಗಳಲ್ಲಿರುವ ಹೊಂಬಣ್ಣದ ಹ್ಯಾಮ್‌ಸ್ಟರ್‌ಗಳ ವಂಶದ ಮೂಲ ಹುಡುಕಿದರೆ, ಹೆಚ್ಚೂಕಡಿಮೆ ಎಲ್ಲವೂ 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿ ಬಿಲ ಅಗೆದು ಹಿಡಿದ ಒಂದೇ ಬಾಣಂತಿಯ ಮರಿಗಳಿಗೆ ಹೋಗಿ ಮುಟ್ಟುತ್ತದಂತೆ. ಒಟ್ಟಿನಲ್ಲಿ ಎಲ್ಲವೂ ದಾಯಾದಿಗಳು.

ಕೀಸ್ ಅವರನ್ನು ಕಾಡಿದ್ದು ಹಲ್ಲು ಕೆಟ್ಟ ಹ್ಯಾಮ್‌ಸ್ಟರ್‌ಗಳಲ್ಲ, ಕೆಡದೇ ಉಳಿದವು. ಬಿಳಿ ಬಣ್ಣದ ಒಂದು ತಳಿಗೆ ಅದೇ ಮೇವನ್ನು ಎಷ್ಟು ದಿನ ಹಾಕಿದರೂ ಹಲ್ಲು ಹಾಗೆಯೇ ಇರುತ್ತಿತ್ತು. ಇಂಥದ್ದು ಕಂಡಾಗ ಯಾರಿಗಾದರೂ ಮೊದಲು ಹೊಳೆಯುವುದು ಹುಟ್ಟುಗುಣ. ನಮ್ಮ ಮನೆಗಳಲ್ಲೂ ಮಗುವಿನ ಹಲ್ಲು ಕೆಟ್ಟರೆ ‘ಅವರಪ್ಪನದೂ ಹೀಗೇ’ ಎಂದು ವಂಶದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುತ್ತೇವೆ. ಕೀಸ್ ಹಾಗೆ ಕೈತೊಳೆದುಕೊಳ್ಳದೆ, ಹಲ್ಲು ಕೆಟ್ಟವನ್ನೂ ಕೆಡದವನ್ನೂ ಒಂದೇ ಪಂಜರದಲ್ಲಿ ಬಿಟ್ಟರು.

ಬಿಳಿಯವುಗಳ ಹಲ್ಲೂ ಹುಳುಕಾಯಿತು.

ಹುಟ್ಟುಗುಣ ಪಂಜರದ ಈ ಮೂಲೆಯಿಂದ ಆ ಮೂಲೆಗೆ ಹರಡುವುದಿಲ್ಲ. ಹಾಗಾದರೆ ಏನೋ ಒಂದು ಬಾಯಿಂದ ಬಾಯಿಗೆ ದಾಟುತ್ತಿದೆ. ಜೊತೆಗೆ ಬಿಡದೆ, ಹಲ್ಲು ಕೆಟ್ಟವುಗಳ ಹಿಕ್ಕೆಯನ್ನು ಬಿಳಿಯವುಗಳ ಪಂಜರಕ್ಕೆ ಹಾಕಿದರೂ ಅದೇ ಕತೆ. ಇನ್ನೊಂದು ಕಡೆಯಿಂದಲೂ ನೋಡಿದರು. ಹುಳುಕು ಹಲ್ಲಿನ ತಾಯಂದಿರಿಗೆ ಆ್ಯಂಟಿಬಯಾಟಿಕ್ ಕೊಟ್ಟಾಗ, ಅವು ಹೆತ್ತ ಮರಿಗಳು ಸಕ್ಕರೆಯಲ್ಲೇ ಬೆಳೆದರೂ ಹಲ್ಲು ಕೆಡಲಿಲ್ಲ. ಔಷಧ ತಿಂದದ್ದು ತಾಯಿ, ಹಲ್ಲು ಉಳಿದದ್ದು ಮರಿಯದು. ಈ ಇಡೀ ಕತೆಯಲ್ಲಿ ನನಗೆ ಅತಿ ಮುಖ್ಯ ಎನಿಸುವುದು ಇದೇ, ಪಂಜರದ ಪ್ರಯೋಗಕ್ಕಿಂತ ಹೆಚ್ಚಾಗಿ.

ಸೂಕ್ಷ್ಮಜೀವಿಯ ಮೇಲೆ ಅನುಮಾನ ಹುಟ್ಟಿದ್ದು ಕೀಸ್ ಅವರಿಗೇ ಮೊದಲೇನಲ್ಲ. ಹಲ್ಲನ್ನು ಹುಳ ತಿನ್ನುತ್ತದೆ ಎಂಬ ನಂಬಿಕೆ ಬ್ಯಾಬಿಲೋನಿನಷ್ಟು ಹಳೆಯದು. ನಮ್ಮ ಕಡೆ ಸಂತೆಗಳಲ್ಲಿ ನೆಲಗುಳ್ಳದ ಬೀಜದ ಹೊಗೆ ಹಾಕಿ, ಹಲ್ಲಿನಿಂದ ಉದುರಿದ ಹುಳವನ್ನು ತಟ್ಟೆಯಲ್ಲಿ ತೋರಿಸುವವರು ಮೊನ್ನೆಮೊನ್ನೆಯವರೆಗೂ ಇದ್ದರು. ಆ ಹುಳ ಎಲ್ಲಿಂದ ಬರುತ್ತಿತ್ತೆಂಬುದು ಕೈಚಳಕದ ವಿಷಯ, ಬಿಡಿ. ಅಮೆರಿಕದಿಂದ ಬರ್ಲಿನ್‌ಗೆ ಹೋಗಿ ನೆಲೆಸಿದ್ದ ಡಬ್ಲ್ಯು. ಡಿ. ಮಿಲ್ಲರ್ ಕಿತ್ತ ಹಲ್ಲುಗಳನ್ನು ರೊಟ್ಟಿ ಮತ್ತು ಎಂಜಲಿನ ಮಿಶ್ರಣದಲ್ಲಿ ಬೆಚ್ಚಗಿಟ್ಟು, ಬಾಯಿಯ ಸೂಕ್ಷ್ಮಜೀವಿಗಳು ಹಿಟ್ಟು ಸಕ್ಕರೆಗಳಿಂದ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು ತೋರಿಸಿದರು. 1890ರಲ್ಲಿ ಅದನ್ನೇ ಪುಸ್ತಕ ಮಾಡಿದರು. ಆದರೆ ಬಾಯಿಯ ನೂರಾರು ಬಗೆಯ ಜೀವಿಗಳಲ್ಲಿ ಕಳ್ಳ ಯಾರೆಂದು ಅವರು ಹೇಳಲಿಲ್ಲ. 1924ರಲ್ಲಿ ಇಂಗ್ಲೆಂಡಿನ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲಿನಿಂದಲೇ ಒಂದನ್ನು ಹೆಕ್ಕಿದರು. ಕೆಲವೊಮ್ಮೆ ಗುಂಡಗೆ, ಕೆಲವೊಮ್ಮೆ ಉದ್ದಕ್ಕೆ ಕಂಡು ರೂಪ ಬದಲಿಸುವಂತಿದ್ದ ಅದಕ್ಕೆ ‘ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್’ ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಲೋಕ ಅದನ್ನು ಮರೆತೇಬಿಟ್ಟಿತು. ಮುಂದಿನ ಕೆಲವು ದಶಕ ಎಲ್ಲರ ಕಣ್ಣು ಲ್ಯಾಕ್ಟೊಬ್ಯಾಸಿಲಸ್ ಮೇಲೆ. ಹುಳುಕಿನ ಗುಂಡಿಯಲ್ಲಿ ಅದು ದಂಡಿಯಾಗಿ ಸಿಗುತ್ತದೆ, ಆದರೆ ಬಹುಮಟ್ಟಿಗೆ ಗುಂಡಿ ಬಿದ್ದ ಮೇಲೆ ಬಂದು ಸೇರುವ ಜೀವಿ ಅದು.

1954ರಲ್ಲಿ ಫ್ರಾಂಕ್ ಆರ್ಲಂಡ್ ಮತ್ತು ಸಂಗಡಿಗರು ಒಂದು ಸೂಕ್ಷ್ಮಜೀವಿಯೂ ಸೋಕದಂತೆ ಬೆಳೆಸಿದ ಇಲಿಗಳಿಗೆ ಸಕ್ಕರೆ ಮೇವು ಹಾಕಿ ನೋಡಿದ್ದರು. ಒಂದಕ್ಕೂ ಹುಳುಕಾಗಲಿಲ್ಲ. ಬರೀ ಸಕ್ಕರೆಯಿಂದ ಹಲ್ಲು ಕೆಡದು ಎಂಬುದಕ್ಕೆ ಅಷ್ಟು ಸಾಕಿತ್ತು. ಯಾವ ಜೀವಿಯಿಂದ ಕೆಡುತ್ತದೆ ಎಂಬುದಕ್ಕೆ ಕೀಸ್ ಬೇಕಾದರು, ಅವರ ಜೊತೆಗೆ ರಾಬರ್ಟ್ ಫಿಟ್ಜ್‌ಜೆರಾಲ್ಡ್ ಎಂಬ ಸೂಕ್ಷ್ಮಜೀವಿ ತಜ್ಞರೂ ಬೇಕಾದರು.

ಫಿಟ್ಜ್‌ಜೆರಾಲ್ಡ್ ಮಾಡಿದ್ದು ಪತ್ತೇದಾರನ ಕೆಲಸ. ಹುಳುಕು ಹಲ್ಲಿನಿಂದ ಹೆಕ್ಕಿದ ಸ್ಟ್ರೆಪ್ಟೊಕಾಕಸ್ ಅನ್ನು ಬಿಳಿ ಹ್ಯಾಮ್‌ಸ್ಟರ್‌ನ ಬಾಯಿಗೆ ಬಿಟ್ಟರೆ ಸಾಲದು. ನಾಳೆ ಹಲ್ಲು ಕೆಟ್ಟಾಗ, ಕೆಡಿಸಿದ್ದು ನಾವು ಬಿಟ್ಟದ್ದೋ ಮೊದಲೇ ಅಲ್ಲಿದ್ದ ಮತ್ತೊಂದೋ ಎಂದು ಯಾರಾದರೂ ಕೇಳಿದರೆ? ಅದಕ್ಕೇ ಅವರು ಸ್ಟ್ರೆಪ್ಟೊಮೈಸಿನ್ ಔಷಧಕ್ಕೆ ಸಾಯದಂಥ ಒಂದು ತಳಿಯನ್ನು ಆರಿಸಿಕೊಂಡರು. ಗುರುತಿನ ಮುದ್ರೆ ಒತ್ತಿದ ಹಾಗೆ ಆಯಿತು. ಅದನ್ನು ಬಾಯಿಗೆ ಬಿಟ್ಟರು, ಹಲ್ಲು ಹುಳುಕಾಯಿತು. ಆ ಹಲ್ಲನ್ನು ಕೆರೆದು ಸ್ಟ್ರೆಪ್ಟೊಮೈಸಿನ್ ಬೆರೆಸಿದ ತಟ್ಟೆಯಲ್ಲಿ ಬೆಳೆಸಿದಾಗ, ಉಳಿದವೆಲ್ಲ ಸತ್ತು ಅದೊಂದೇ ಬೆಳೆದು ಬಂತು. 1960ರಲ್ಲಿ ಇವರ ಪ್ರಬಂಧಗಳು ಪ್ರಕಟವಾದವು. ಹುಳುಕು ಅಂಟಿಕೊಳ್ಳುವ ರೋಗ ಎಂದು ಕೀಸ್ ಶೀರ್ಷಿಕೆಯಲ್ಲೇ ಹೇಳಿದ್ದರು. ಅದೇ ದಶಕ ಮುಗಿಯುವುದರೊಳಗೆ ಆ ಜೀವಿ ಕ್ಲಾರ್ಕ್ ಹೆಸರಿಟ್ಟು ಬಿಟ್ಟುಹೋದ ಮ್ಯೂಟನ್ಸ್ ಎಂದೂ ತಿಳಿಯಿತು. ಸಕ್ಕರೆಯಿಂದ ಆಮ್ಲ ಮಾಡುವುದು ಅದರ ಒಂದು ಕಸುಬು. ಅದೇ ಸಕ್ಕರೆಯಿಂದ ಅಂಟು ಮಾಡಿ ಹಲ್ಲಿಗೆ ಕಚ್ಚಿ ಕೂರುವುದು ಇನ್ನೊಂದು.

ಪತ್ರಿಕೆಗಳಿಗೆ ಬೇಕಾದ್ದು ‘ರೋಗಾಣು ಸಿಕ್ಕಿತು’ ಎಂಬಷ್ಟೇ ಸುದ್ದಿ. ಕೀಸ್ ಅಲ್ಲಿಗೆ ನಿಲ್ಲಲಿಲ್ಲ. ಎರಡು ವರ್ಷಗಳ ನಂತರ ಮೂರು ವೃತ್ತಗಳ ಚಿತ್ರವೊಂದನ್ನು ಬರೆದರು. ಒಂದು ಹಲ್ಲು, ಒಂದು ಸೂಕ್ಷ್ಮಜೀವಿ, ಒಂದು ಆಹಾರ. ಮೂರೂ ಒಂದರ ಮೇಲೊಂದು ಬಿದ್ದ ಜಾಗದಲ್ಲಿ ಮಾತ್ರ ಹುಳುಕು. ದಂತವೈದ್ಯ ವಿದ್ಯಾರ್ಥಿಗಳು ಇಂದಿಗೂ ಪರೀಕ್ಷೆಯಲ್ಲಿ ಬರೆಯುವ ಚಿತ್ರ ಇದು.

ಇದು ಮಕ್ಕಳ ವಿಷಯವಾದದ್ದು ಆಮೇಲೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬಿರ್ಗಿಟ್ಟಾ ಕೋಲರ್ 1980ರ ದಶಕದಲ್ಲಿ ಹ್ಯಾಮ್‌ಸ್ಟರ್ ತಾಯಂದಿರ ಪ್ರಯೋಗವನ್ನು ಮನುಷ್ಯರ ಮನೆಗೆ ತಂದರು. ಬಾಯಲ್ಲಿ ಮ್ಯೂಟನ್ಸ್ ಹೆಚ್ಚಿದ್ದ ತಾಯಂದಿರನ್ನು ಆರಿಸಿ, ಹುಳುಕು ತುಂಬಿಸಿ, ಬಾಯಿ ಶುಚಿ ಮಾಡಿಸಿದರು. ಅವರ ಮಕ್ಕಳ ಬಾಯಿಗೆ ಆ ಜೀವಿ ತಡವಾಗಿ ಬಂತು, ಹುಳುಕೂ ಕಡಿಮೆಯಾಯಿತು. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಪೇಜ್ ಕಾಫೀಲ್ಡ್ ತಾಯಿ ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿ 1993ರಲ್ಲಿ ವರದಿ ಕೊಟ್ಟರು. ಹೆಚ್ಚಿನ ಮಕ್ಕಳ ಬಾಯಲ್ಲಿ ಅದು ನೆಲೆಯೂರಿದ್ದು 19ರಿಂದ 31 ತಿಂಗಳ ನಡುವೆ, ದವಡೆ ಹಲ್ಲು ಮೂಡುವ ಕಾಲಕ್ಕೆ. ಹಲ್ಲು ಮೂಡುವ ಮೊದಲೇ ಎಳೆಗೂಸಿನ ಬಾಯಲ್ಲಿ ಸಿಕ್ಕ ಉದಾಹರಣೆಗಳೂ ಆಮೇಲೆ ಬಂದವು. ಬರುವುದು ಎಲ್ಲಿಂದ ಎಂಬುದರಲ್ಲಿ ಹೆಚ್ಚು ಜಗಳವಿಲ್ಲ, ಬಹುಪಾಲು ತಾಯಿಯ ಬಾಯಿಂದ, ಮಗುವನ್ನು ಎತ್ತಾಡಿಸುವವರ ಬಾಯಿಂದ.

ಇಲ್ಲಿ ನನಗೆ ದಕ್ಷಿಣ ಕೆರೊಲೈನಾದ ಫೋರ್ಟ್ ಮಿಲ್ ನೆನಪಾಗುತ್ತದೆ. ಷಾರ್ಲೆಟ್‌ನಿಂದ ರಾಜ್ಯದ ಗಡಿ ದಾಟಿದರೆ ಸಿಗುವ ಊರು. 1887ರಲ್ಲಿ ಶುರುವಾದ ಹತ್ತಿ ಗಿರಣಿಯಿಂದ ಬೆಳೆದದ್ದು. ಈಗ ಷಾರ್ಲೆಟ್‌ನ ಬ್ಯಾಂಕುಗಳಿಗೆ ಕೆಲಸಕ್ಕೆ ಹೋಗಿಬರುವವರ ಮನೆಗಳು ಎದ್ದಿವೆ, ಅವುಗಳಲ್ಲಿ ಕನ್ನಡದ ಮನೆಗಳೂ ಇವೆ. ಬಾಣಂತನಕ್ಕೆಂದು ಊರಿನಿಂದ ಅಜ್ಜಿ ಬಂದಿರುತ್ತಾರೆ. ಅನ್ನಕ್ಕೆ ತುಪ್ಪ ಹಾಕಿ ಕಿವುಚಿ, ಬಿಸಿ ಎಷ್ಟಿದೆಯೆಂದು ತುಟಿಗೆ ತಾಗಿಸಿ ನೋಡಿ, ಅದೇ ಚಮಚ ಮಗುವಿನ ಬಾಯಿಗೆ. ‘ಅಮ್ಮಾ, ಆ ಚಮಚ ಬೇಡ, ಡಾಕ್ಟ್ರು ಹೇಳಿದಾರೆ’ ಎಂದು ಮಗಳು ತಡೆದರೆ ಅಜ್ಜಿಗೆ ಅದು ಅವಮಾನವಾಗಿ ಕೇಳುತ್ತದೆ. ‘ನಿನ್ನನ್ನ ಬೆಳೆಸಿದ್ದು ಹೀಗೇ ಅಲ್ವೇನೇ?’ ಎನ್ನುತ್ತಾರೆ. ಲೋಟ ಕಚ್ಚಿ ಕುಡಿಯಬೇಡ, ಎತ್ತಿ ಕುಡಿ ಎಂದು ಜೀವನವಿಡೀ ಎಂಜಲಿನ ಮಡಿ ಕಲಿಸಿದವರು ಅವರು. ಆ ಕಟ್ಟುನಿಟ್ಟಿನಿಂದ ನಾವು ರಿಯಾಯಿತಿ ಕೊಡುವುದು ಎಳೆಮಗುವಿಗೆ ಮಾತ್ರ, ಬಾಯಿ ಇನ್ನೂ ಖಾಲಿ ಇರುವ ಆ ವಯಸ್ಸಿಗೇ.

ಹಾಗೆಂದು ನಾನು ಮಗಳ ಪಕ್ಷವೇನಲ್ಲ. ಆ ಮನೆಯಲ್ಲಿ ಚಮಚದ ಜಗಳ ಜೋರಾಗಿ ನಡೆಯುವ ಹೊತ್ತಿಗೆ ಮಗುವಿನ ಕೈಯಲ್ಲಿ ಜ್ಯೂಸ್ ತುಂಬಿದ ಸಿಪ್ಪಿ ಕಪ್ ಇರುತ್ತದೆ, ರಾತ್ರಿ ಸಕ್ಕರೆ ಬೆರೆಸಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಗು ನಿದ್ದೆ ಹೋಗುತ್ತದೆ. ಕೀಸ್ ಅವರ ಮೂರನೆಯ ವೃತ್ತ ಅದು. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಹಲ್ಲಿನ ಮೇಲಿನ ಪೊರೆ ಹುಳಿಯಾಗುತ್ತದೆ, ಸರಿಹೋಗಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು ಎಂದು ರಾಬರ್ಟ್ ಸ್ಟೀಫನ್ 1940ರ ದಶಕದಲ್ಲೇ ಅಳೆದು ತೋರಿಸಿದ್ದರು. ಗುಟುಕು ಗುಟುಕಾಗಿ ಮಧ್ಯಾಹ್ನವಿಡೀ ಜ್ಯೂಸ್ ಚೀಪುವ ಮಗುವಿನ ಬಾಯಿಗೆ ಆ ಅರ್ಧ ಗಂಟೆ ಸಿಗುವುದೇ ಇಲ್ಲ. ಮ್ಯೂಟನ್ಸ್ ಇಂದಲ್ಲ ನಾಳೆ ಎಲ್ಲರ ಬಾಯಿಗೂ ಬರುವ ಜೀವಿ. ಅದನ್ನು ರಾಕ್ಷಸ ಮಾಡುವುದು ಮೇವು. ಮ್ಯೂಟನ್ಸ್ ವಿರುದ್ಧ ಲಸಿಕೆ ಮಾಡಲು ಕೆಲವು ದಶಕಗಳಿಂದ ನಡೆದ ಪ್ರಯತ್ನ ಯಾವುದೂ ಮಕ್ಕಳ ತೋಳಿನವರೆಗೆ ಬಂದಿಲ್ಲ.

ಉಳಿದ ವೃತ್ತ ಹಲ್ಲು. ಅದನ್ನು ಗಟ್ಟಿ ಮಾಡುವ ಫ್ಲೋರೈಡಿನ ಲೆಕ್ಕ ಹಾಕಿದವರೂ ಕೀಸ್ ಕೆಲಸ ಮಾಡುತ್ತಿದ್ದ, ಅಮೆರಿಕ ಸರ್ಕಾರದ ಅದೇ ಸಂಸ್ಥೆಯವರೇ. ಬೆಥೆಸ್ಡಾದ ದಂತ ಸಂಶೋಧನಾ ವಿಭಾಗ 1948ರಲ್ಲಿ ಹುಟ್ಟಿದಾಗ ಅದರ ಮೊದಲ ನಿರ್ದೇಶಕರಾದವರು ಆ ಲೆಕ್ಕ ಹಾಕಿದ ಟ್ರೆಂಡ್ಲಿ ಡೀನ್. ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ 1945ರಲ್ಲಿ ಫ್ಲೋರೈಡ್ ಬೆರೆಸಲು ತೊಡಗಿದರು. ಫೋರ್ಟ್ ಮಿಲ್‌ನ ನೆರೆಯ ಷಾರ್ಲೆಟ್ 1949ರಲ್ಲೇ ಹಿಂಬಾಲಿಸಿತು. ಪಾವಗಡದಿಂದಲೋ ಕೋಲಾರದಿಂದಲೋ ಬಂದ ತಂದೆತಾಯಿಗೆ ಇಲ್ಲಿನ ಡೆಂಟಿಸ್ಟ್ ಮಗುವಿನ ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಬಳಿಯುತ್ತೇನೆಂದರೆ ಎದೆ ಧಸಕ್ಕೆನ್ನುತ್ತದೆ, ಅದು ಸಹಜವೇ. ಆಳದ ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಾದ, ಮೂಳೆ ಬಾಗಿದ ಜನರನ್ನು ಅವರು ಕಣ್ಣಾರೆ ಕಂಡವರು. ಅಮೆರಿಕದ ನೀರಿಗೆ ಶಿಫಾರಸಾದ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ನಮ್ಮಲ್ಲಿ ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಪರವಾಗಿಲ್ಲ ಎಂಬ ಮಿತಿಯಿದೆ, ಆ ಬಾವಿಗಳು ಅದನ್ನೂ ದಾಟಿದವು. ಟೂತ್‌ಪೇಸ್ಟಿನದೂ ಅಳತೆಯ ಮಾತೇ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ ಉದ್ದಕ್ಕೂ ಅಲೆಯಂತೆ ಹಿಂಡುವುದು ಕಂಪನಿಯ ಲಾಭಕ್ಕೆ.

ಇಷ್ಟೆಲ್ಲ ಗೊತ್ತಾದ ಮೇಲೂ 2007ರಲ್ಲಿ, ಬೆಥೆಸ್ಡಾಕ್ಕೆ ಹತ್ತಿರದ ಪ್ರಿನ್ಸ್ ಜಾರ್ಜಸ್ ಕೌಂಟಿಯ 12 ವರ್ಷದ ಹುಡುಗನೊಬ್ಬ ಹುಳುಕು ಹಲ್ಲಿನ ಸೋಂಕು ಮಿದುಳಿಗೇರಿ ಸತ್ತ. ಸುಮಾರು 80 ಡಾಲರಿಗೆ ಕೀಳಬಹುದಾಗಿದ್ದ ಹಲ್ಲು. ಬಡವರ ವಿಮೆ ಇದ್ದ ಮಕ್ಕಳನ್ನು ನೋಡುವ ದಂತವೈದ್ಯರೇ ಸಿಗುತ್ತಿರಲಿಲ್ಲ. ಆ ಕೌಂಟಿಯಿರುವ ಮೇರಿಲ್ಯಾಂಡ್ ರಾಜ್ಯ ಆಮೇಲೆ ಎಚ್ಚೆತ್ತು ಆ ವ್ಯವಸ್ಥೆಯನ್ನು ಸರಿಪಡಿಸಲು ಹೊರಟಿತು.

ಈಗ ಅಮೆರಿಕದ ಮಕ್ಕಳ ದಂತವೈದ್ಯರು ಮೊದಲ ಹಲ್ಲು ಮೂಡಿದಾಗ, ತಡವೆಂದರೆ ಮೊದಲ ಹುಟ್ಟುಹಬ್ಬದೊಳಗೆ, ಮಗುವನ್ನು ತೋರಿಸಿ ಎನ್ನುತ್ತಾರೆ. ಒಂದು ವರ್ಷದ ಮಗುವಿನ ಬಾಯಲ್ಲಿ ನೋಡುವುದಕ್ಕೆ ಇರುವುದೇ ನಾಲ್ಕಾರು ಹಲ್ಲು, ಆದ್ದರಿಂದ ಅವರ ಪ್ರಶ್ನೆಗಳು ತಾಯಿಯ ಕಡೆ ತಿರುಗುತ್ತವೆ. ಬಸುರಿಯರು ಹಲ್ಲಿನ ಚಿಕಿತ್ಸೆ ಮಾಡಿಸಿಕೊಳ್ಳಬಾರದು ಎಂಬ ಮಾತು ನಮ್ಮಲ್ಲಿ ಇನ್ನೂ ಓಡಾಡುತ್ತದೆ. ಮಾಡಿಸಿಕೊಳ್ಳಬಹುದು, ಮಾಡಿಸಿಕೊಳ್ಳಬೇಕು ಎಂದು ಅಮೆರಿಕದ ಹೆರಿಗೆ ತಜ್ಞರ ಸಂಘ 2013ರಲ್ಲೇ ಹೇಳಿದೆ. ಇನ್ನು ಅಜ್ಜಿ. ವಿಸಿಟರ್ ವೀಸಾದ ಮೇಲೆ ಆರು ತಿಂಗಳಿಗೆ ಬರುವವರ ವಿಮೆಯಲ್ಲಿ ಸಾಮಾನ್ಯವಾಗಿ ಹಲ್ಲಿನ ಹುಳುಕು ತುಂಬಿಸುವ ಖರ್ಚು ಸೇರಿರುವುದಿಲ್ಲ, ಇಲ್ಲಿನ ದರ ಕೇಳಿದರೆ ಅವರು ನೋವನ್ನೇ ನುಂಗಿಕೊಳ್ಳುತ್ತಾರೆ. ಚಟ್ನಿಪುಡಿ, ಹಪ್ಪಳ, ಬಾಣಂತಿ ಲೇಹ್ಯ ಎಂದು ಊರಲ್ಲಿ ಸೂಟ್‌ಕೇಸ್ ಕಟ್ಟುವ ಆ ತಿಂಗಳಲ್ಲೇ, ಮೈಸೂರಿನಲ್ಲೋ ತುಮಕೂರಿನಲ್ಲೋ ತಮ್ಮ ಪರಿಚಯದ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ವರ್ಷಗಳಿಂದ ಹಾಗೇ ಬಿಟ್ಟಿರುವ ಆ ಎರಡು ಹುಳುಕು ಹಲ್ಲುಗಳನ್ನು ತುಂಬಿಸಿಕೊಂಡೋ ಕೀಳಿಸಿಕೊಂಡೋ ವಿಮಾನ ಹತ್ತಿದರೆ ಮೊಮ್ಮಗುವಿಗೆ ಬಲು ಉಪಕಾರ. ಆಮೇಲೆ ಬಿಸಿ ನೋಡಲು ಬೇರೊಂದು ಚಮಚ ಇಟ್ಟುಕೊಳ್ಳಲಿ, ಕೈತುತ್ತು ಹಾಕಲಿ.