ಬೇವಿನ ಮರಕ್ಕೆ ಕಟ್ಟಿದ ಪಿಕಪ್

ಕಾಗವಾಡದಿಂದ ಉಗಾರದ ಕಡೆ ಹೊರಟು, ಡಾಂಬರು ಬಿಟ್ಟು ಹೊಲದ ದಾರಿಗಿಳಿದರೆ ತೋಟದ ಮನೆ. ಅಂಗಳದಲ್ಲಿ ಬೊಲೆರೊ ಪಿಕಪ್. ಹಿಂದಿನ ತುದಿ ಟ್ರ್ಯಾಕ್ಟರಿಗೆ, ಮುಂದಿನದು ಚೈನ್ ಕಪ್ಪಿಯಿಂದ ಬೇವಿನ ಮರಕ್ಕೆ. ಬಂಪರ್ ಒಳಸೇರಿದೆ, ಜಾಳಿ ಚೂರಾಗಿದೆ, ಎಡಗಡೆಯ ಹೆಡ್‌ಲೈಟ್ ಇಲ್ಲವೇ ಇಲ್ಲ. ರಾತ್ರಿ ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಲಿಗೆ ಗುದ್ದಿದ್ದು. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಕಾರ್ಖಾನೆ ಹಂಗಾಮು ಶುರುವಾದರೆ ಇಂಥ ಗಾಡಿಗಳಿಗೆ ಬರವಿಲ್ಲ.

ರಿಪೇರಿಗೆ ಇಳಿದವರು ಮನೆಯ ಯಜಮಾನ ಕಾಕಾ ಮತ್ತು ಅವರ ಮಗ. ಮಗ ಸುತ್ತಿಗೆ ಎತ್ತಿದ. ಕಾಕಾ ತಡೆದರು: “ಪತ್ರಾ ಆಮ್ಯಾಲ ಬಡಿಯೂಣಂತ. ಮೊದಲ ಟೇಪ್ ಹಿಡಿ.”

ಬ್ಯಾಟರಿಯ ನೆಗೆಟಿವ್ ತಂತಿ ಆಗಲೇ ಬಿಚ್ಚಿಟ್ಟಿದ್ದರು. ಚಾಸಿಯ ಮುಂದಿನ ಎಡತುದಿಯ ತೂತಿನಿಂದ ಬಲಗಡೆಯ ಹಿಂದಿನ ತೂತಿಗೆ ಒಂದು ಅಡ್ಡ ಅಳತೆ, ಬಲದಿಂದ ಎಡಕ್ಕೆ ಇನ್ನೊಂದು. ಎರಡೂ ಸಮವಿರದಿದ್ದರೆ ಚಾಸಿ ಸೊಟ್ಟಗಿದೆ ಎಂದರ್ಥ. ಇಲ್ಲಿ ಸಮವಿರಲಿಲ್ಲ. ಎಡತುದಿ ಒಳಗೆ ಬಾಗಿತ್ತು. ಕಾರಣ ಕೇಳಿದರೆ ಗೋಡೆಗೆ ಒರಗಿಸಿದ್ದ ಕಬ್ಬಿಣದ ಗಾರ್ಡ್ ತೋರಿಸಿದರು. ರಕ್ಷಣೆಗೆಂದು ಹಾಕಿಸಿದ್ದು, ನೇರ ಚಾಸಿಗೇ ಬೋಲ್ಟ್ ಆಗಿದ್ದರಿಂದ ಪೆಟ್ಟನ್ನೂ ನೇರ ಚಾಸಿಗೇ ಒಯ್ದಿತ್ತು. ಇಂಥ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ನಮ್ಮ ಕಡೆ ಇನ್ನೂ ಅದು ಗಾಡಿಯ ಮೀಸೆ!

ಕಪ್ಪಿ ಜಗ್ಗುವುದೇ ಇಡೀ ದಿನದ ಕೆಲಸ. ಪೆಟ್ಟು ಬಿದ್ದ ದಿಕ್ಕಿಗೆ ಎದುರಾಗಿ, ಸಾವಕಾಶ. ಬಿಟ್ಟೊಡನೆ ಉಕ್ಕು ತುಸು ಹಿಂದೆ ಸರಿಯುತ್ತದೆ. ಅದಕ್ಕೇ ಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಎಳೆಯಬೇಕು, ಮತ್ತೆ ಟೇಪ್ ಹಿಡಿಯಬೇಕು. ಸರಪಳಿಯ ನೇರಕ್ಕೆ ಯಾರೂ ನಿಲ್ಲುವಂತಿಲ್ಲ. ಗ್ಯಾಸ್ ಹಚ್ಚಿ ಕಾಯಿಸಿದರೆ ಬೇಗ ಬಾಗುತ್ತದಲ್ಲ ಎಂದೆ. “ಕಾಸಿದ್ರ ತಾಕತ್ತ ಹೋಗ್ತೈತ್ರಿ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಉಳಿದದ್ದು ಸಣ್ಣದು. ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಒಡೆದಿದೆ, ಹೊಸದೇ ಬೇಕು. ಅದನ್ನು ತರಲು ಮಗ ಮಿರಜಕ್ಕೆ ಹೊರಟ. ನಿಪ್ಪಾಣಿಯವರಾಗಿದ್ದರೆ ಕೊಲ್ಹಾಪುರಕ್ಕೆ ಹೋಗುತ್ತಿದ್ದರು. ಬಾನೆಟ್ಟಿನ ತಗ್ಗನ್ನು ಕೆಳಗಿನಿಂದ ಡಾಲಿ ಎಂಬ ಕಬ್ಬಿಣದ ತುಂಡು ಹಿಡಿದು ಅಂಚಿನಿಂದ ನಡುವಿಗೆ ಬಡಿಯುತ್ತ ಬಂದರು. ಪುಟ್ಟಿ ತೆಳ್ಳಗೆ ಬಳಿದರು. ದಪ್ಪಗೆ ಮೆತ್ತಿದರೆ ನಮ್ಮ ಹೊಲದ ದಾರಿಯ ಕುಲುಕಿಗೆ ಬಿರಿಯುತ್ತದೆ. ಕೊನೆಗೆ ಹೆಡ್‌ಲೈಟನ್ನು ದನದ ಕೊಟ್ಟಿಗೆಯ ಗೋಡೆಗೆ ಬಿಟ್ಟು ಎರಡೂ ಬೆಳಕಿನ ಎತ್ತರ ಸರಿಮಾಡುವುದು.

ಮನೆಯಂಗಳದ ಈ ಕೆಲಸವನ್ನು ನಾನು ಮೆಚ್ಚುತ್ತೇನೆ, ಆದರೆ ಎಲ್ಲರಿಗೂ ಹೇಳಲಾರೆ. ಎಳೆದ ಮೇಲೂ ಅಡ್ಡ ಅಳತೆ ಕೂಡದಿದ್ದರೆ, ಸ್ಟೇರಿಂಗ್ ಒಂದು ಕಡೆ ಎಳೆದರೆ ವರ್ಕ್‌ಶಾಪೇ ಗತಿ. ವಿಮೆ ಪಡೆಯುವುದಿದ್ದರೆ ನಟ್ಟು ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ, ಫೋಟೊ ತೆಗೆದಿಡಿ. ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಸ್ವಂತ ಗಾಡಿಯ ರಿಪೇರಿಗೆ ಬಿಡಿಗಾಸೂ ಬರದು. ಇನ್ನು ಟ್ರ್ಯಾಲಿ ಮಾಲೀಕರಲ್ಲಿ ಒಂದು ವಿನಂತಿ: ಕಬ್ಬು ಹೇರುವ ಮೊದಲು ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚಿ, ಗರಿ ಅದನ್ನು ಮುಚ್ಚದಂತೆ ನೋಡಿಕೊಳ್ಳಿ.