ಆ ಮುಖವಾಡ ಒಬ್ಬ ಕೋಡಂಗಿಯದು!

ಬಿಳಿಯ ಹಾಕಿ ಮುಖವಾಡ. ಮೈತುಂಬ ತೂತು, ಹಣೆಗೂ ಕೆನ್ನೆಗೂ ಕೆಂಪು ಗುರುತು, ಕಣ್ಣಿರಬೇಕಾದಲ್ಲಿ ಎರಡು ಕತ್ತಲ ಗುಳಿ. ‘ಫ್ರೈಡೇ ದ ಥರ್ಟೀನ್ತ್’ ಸರಣಿಯ ಒಂದೇ ಒಂದು ಸಿನಿಮಾ ನೋಡದವರೂ ಅದನ್ನು ಕಂಡ ತಕ್ಷಣ ಗುರುತು ಹಿಡಿಯುತ್ತಾರೆ. ಜೇಸನ್ ವೂರ್ಹೀಸ್! ಕ್ರಿಸ್ಟಲ್ ಲೇಕ್‌ನ ಹಂತಕ! ಭಯದ ಸಿನಿಮಾಗಳಿಗೆಲ್ಲ ಸೇರಿ ಒಂದೇ ಮುಖ ಕೊಡಿ ಎಂದರೆ ಅಮೆರಿಕ ಬಹುಶಃ ಇದನ್ನೇ ಕೊಟ್ಟೀತು.

ಈಗ ಕೇಳಿ. ಆ ಮುಖವಾಡ ಜೇಸನ್‌ನದಲ್ಲವೇ ಅಲ್ಲ. ಅದು ಶೆಲ್ಲಿ ಎಂಬ ಗುಂಗುರುಗೂದಲಿನ, ದುಂಡುಮೈಯ, ಹುಡುಗಿಯರ ಮುಂದೆ ನಿಂತರೆ ಕೈಕಾಲು ಎಲ್ಲಿಡಬೇಕೆಂದು ತಿಳಿಯದ ಒಬ್ಬ ಹುಡುಗನ ತಮಾಷೆಯ ಸಾಮಾನು!

1982ರ ಮೂರನೆಯ ಭಾಗ ಅದು. ಮೊದಲ ಭಾಗದಲ್ಲಿ ಹಂತಕ ಜೇಸನ್ ಅಲ್ಲ, ಅವನ ತಾಯಿ. ಎರಡನೆಯದರಲ್ಲಿ ಅವನು ತಲೆಗೆ ಚೀಲ ಕವುಚಿಕೊಂಡು ಓಡಾಡುತ್ತಾನೆ. ಮೂರನೆಯದರಲ್ಲಿ ಕೆರೆಯ ದಂಡೆಯ ಮನೆಯೊಂದಕ್ಕೆ ರಜೆಗೆಂದು ಬರುವ ಗೆಳೆಯರ ಗುಂಪಿನಲ್ಲಿ ಈ ಶೆಲ್ಲಿ ಇದ್ದಾನೆ. ಕೈಯಲ್ಲೊಂದು ಪೆಟ್ಟಿಗೆ. ಅದರೊಳಗೆ ಮುಖವಾಡ, ಬಣ್ಣ, ನಕಲಿ ಗಾಯ. ತನ್ನ ಲೋಕವೆಲ್ಲ ಇದರಲ್ಲೇ ಇದೆ ಎನ್ನುತ್ತಾನೆ. ತಲೆಗೆ ಕೊಡಲಿ ಬಿದ್ದು ಸತ್ತವನಂತೆ ನಟಿಸುತ್ತಾನೆ. ಎಲ್ಲರೂ ಕಿರುಚುತ್ತಾರೆ, ಆಮೇಲೆ ಬೈಯುತ್ತಾರೆ. ಹೀಗೆ ಯಾಕೆ ಮಾಡುತ್ತೀ ಎಂದು ಕೇಳಿದರೆ ಅವನು ಹೇಳುವುದರ ಅರ್ಥ ಇಷ್ಟು: ಯಾರ ಕಣ್ಣಿಗೂ ಬೀಳದೆ ಇರುವುದಕ್ಕಿಂತ ಮೂರ್ಖ ಅನ್ನಿಸಿಕೊಳ್ಳುವುದು ವಾಸಿ. ಕೊಡಲಿ ಕತ್ತಿಗಳ ಸಿನಿಮಾದಲ್ಲಿ ಈ ಮಾತು!

ಅಷ್ಟೇ ಆಗಿದ್ದರೆ ಅಯ್ಯೋ ಪಾಪ ಎಂದು ಸುಮ್ಮನಾಗಬಹುದಿತ್ತು. ಆದರೆ ಕತೆ ಅವನಿಗೆ ಒಂದು ಗೆಲುವನ್ನೂ ಕೊಟ್ಟಿದೆ. ಅಂಗಡಿಯ ಹತ್ತಿರ ಪುಂಡ ಬೈಕ್ ಸವಾರರು ಅಡ್ಡಗಟ್ಟಿದಾಗ ಇದೇ ಪುಕ್ಕಲ ಕಾರನ್ನು ರಿವರ್ಸ್ ಹೊಡೆದು ಅವರ ಬೈಕ್‌ಗಳ ಮೇಲೇ ಹತ್ತಿಸುತ್ತಾನೆ. ಪಕ್ಕದಲ್ಲಿ ಕೂತ, ಅದೇ ಗುಂಪಿನ ವೆರಾಳ ಕಣ್ಣಲ್ಲಿ ಒಂದು ಗಳಿಗೆ ಮೆಚ್ಚುಗೆ. ಆ ಮೆಚ್ಚುಗೆ ಪ್ರೀತಿಯಲ್ಲ, ಅದು ಅವನಿಗೆ ಅರ್ಥವಾಗುವುದಿಲ್ಲ. ರಾತ್ರಿ ಈಜುಡುಗೆ ತೊಟ್ಟು, ಹಾಕಿ ಮುಖವಾಡ ಹಾಕಿಕೊಂಡು, ಈಟಿ ಹಾರಿಸುವ ಬಂದೂಕು ಹಿಡಿದು ನೀರಿನಿಂದ ಎದ್ದು ಅವಳ ಕಾಲು ಹಿಡಿದೆಳೆಯುತ್ತಾನೆ. ಬೈಸಿಕೊಂಡು, ಮುಖ ಸಣ್ಣದು ಮಾಡಿಕೊಂಡು, ಕೊಟ್ಟಿಗೆಯ ಕಡೆ ಹೊರಟುಹೋಗುತ್ತಾನೆ.

ಅಲ್ಲಿ ಜೇಸನ್ ಇದ್ದಾನೆ. ಏನಾಯಿತೆಂದು ಸಿನಿಮಾ ತೋರಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಕೆರೆಯ ಕಟ್ಟೆಯ ಮೇಲೆ ಅದೇ ಮುಖವಾಡ, ಅದೇ ಬಂದೂಕು ನಡೆದು ಬರುತ್ತವೆ. ಒಳಗಿರುವವನು ಬೇರೆ! ವೆರಾ ಆಗ ನೀರಿಗಿಳಿದು ನಿಂತಿರುವುದು ಯಾಕೆ ಗೊತ್ತೆ? ಕೈತಪ್ಪಿ ಬಿದ್ದ ಶೆಲ್ಲಿಯ ಪರ್ಸನ್ನು ಎತ್ತಿಕೊಳ್ಳಲು. ಇತ್ತ ಕತ್ತು ಸೀಳಿಸಿಕೊಂಡ ಶೆಲ್ಲಿ ಬಾಗಿಲಿಗೆ ಬಂದರೆ ಬಾಗಿಲು ತೆರೆದ ಹುಡುಗಿ, ಸಾಕು ನಿನ್ನ ನಾಟಕ, ಎಂದುಬಿಡುತ್ತಾಳೆ. ಇಡೀ ಸಿನಿಮಾದಲ್ಲಿ ಅವನು ಒಂದೇ ಒಂದು ಸಲ ನಟಿಸಲಿಲ್ಲ. ಆಗ ಯಾರೂ ನಂಬಲಿಲ್ಲ.

ನೋಡಿ, ಎಂಥ ಚಮತ್ಕಾರ! ಅಮೆರಿಕದ ಭಯಕ್ಕೆ ಮುಖ ಕೊಟ್ಟದ್ದು ಯಾವ ಮಾಟಗಾರನೂ ಅಲ್ಲ, ನನ್ನನ್ನು ಸ್ವಲ್ಪ ನೋಡಿ ಎಂದು ಬೇಡುತ್ತಿದ್ದ ಒಬ್ಬ ವಿದೂಷಕ. (ಚಿತ್ರೀಕರಣದಲ್ಲೂ ಮುಖವಾಡ ಬಂದದ್ದು ಹೀಗೇ ಅಡ್ಡದಾರಿಯಲ್ಲಿ. ತ್ರೀಡಿ ಕೆಲಸ ನೋಡಿಕೊಳ್ಳುತ್ತಿದ್ದ ಮಾರ್ಟಿನ್ ಸ್ಯಾಡಾಫ್‌ಗೆ ಹಾಕಿಯ ಹುಚ್ಚು, ಅವರ ಸಾಮಾನಿನಲ್ಲಿ ಗೋಲ್‌ಕೀಪರ್‌ನ ಮುಖವಾಡವಿತ್ತು, ಬೆಳಕಿನ ಪರೀಕ್ಷೆಗೆಂದು ಜೇಸನ್ ಪಾತ್ರಧಾರಿಗೆ ಹಾಕಿ ನೋಡಿದರು, ಅಲ್ಲಿಗೆ ಮುಗಿಯಿತು.) ಶೆಲ್ಲಿಯಾಗಿ ನಟಿಸಿದ ಲ್ಯಾರಿ ಝರ್ನರ್ ಮುಂದೆ ಮನರಂಜನಾ ಉದ್ಯಮದ ವಕೀಲರಾದರು. ಮೊದಲ ಭಾಗದ ಹಕ್ಕಿಗಾಗಿ ಅದರ ಲೇಖಕ ವಿಕ್ಟರ್ ಮಿಲ್ಲರ್ ನ್ಯಾಯಾಲಯಕ್ಕೆ ಹೋಗಿ 2021ರಲ್ಲಿ ಮೇಲ್ಮನವಿಯಲ್ಲೂ ಗೆದ್ದರಲ್ಲ, ಆ ಮೊಕದ್ದಮೆಯ ಸಿಕ್ಕುಗಳನ್ನು ಅಭಿಮಾನಿಗಳಿಗೆ ಬಿಡಿಸಿ ಹೇಳಿದವರಲ್ಲಿ ಝರ್ನರ್ ಕೂಡ ಒಬ್ಬರು!

ಶೆಲ್ಲಿಯ ಬೆನ್ನು ಹತ್ತಿ ಹಿಂದಕ್ಕೆ ಹೋದರೆ ಬೇಸಿಗೆ ಶಿಬಿರದ ಸಿನಿಮಾಗಳ ತುಂಬ ಇಂಥ ನಗೆಗಾರರೇ. ಮತ್ತೆ ಮತ್ತೆ ಅದೇ ಸಂಗತಿ: ನಗು ಇರುವ ಕಡೆಯೇ ಭಯಕ್ಕೆ ಬಾಗಿಲು. ಅಮೆರಿಕದ ಬೇಸಿಗೆ ಶಿಬಿರವೆಂದರೆ ನಮ್ಮ ಊರುಗಳಲ್ಲಿ ಬೆಳಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವ ಚಿತ್ರಕಲೆ, ನಾಟಕದ ಶಿಬಿರವಲ್ಲ. ವಾರಗಟ್ಟಲೆ ಅಪ್ಪ ಅಮ್ಮನಿಲ್ಲ. ಕಾಡು, ಕೆರೆ, ಮರದ ಮನೆ, ಅಟ್ಟಣಿಗೆಯ ಮಂಚ. ಮಕ್ಕಳನ್ನು ಕಾಯುವವರೂ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರೇ. ರಾತ್ರಿ ಬೆಂಕಿಯ ಸುತ್ತ ಕೂತು ಒಬ್ಬರನ್ನೊಬ್ಬರು ಹೆದರಿಸುವುದು ಅಲ್ಲಿ ದಿನಚರಿಯ ಒಂದು ಭಾಗ. ನಗುವುದು, ಬೆಚ್ಚುವುದು ಅಲ್ಲಿ ಒಂದೇ ಆಟ.

1980ರ ಮೊದಲ ‘ಫ್ರೈಡೇ’ಯನ್ನು ಮಾಡಿದವರು ಯಾರು? ನಿರ್ದೇಶಕ ಷಾನ್ ಕನ್ನಿಂಗ್‌ಹ್ಯಾಮ್, ಲೇಖಕ ವಿಕ್ಟರ್ ಮಿಲ್ಲರ್. ಅದಕ್ಕೆ ಸ್ವಲ್ಪ ಮುಂಚೆ, 1978ರಲ್ಲಿ, ಈ ಜೋಡಿ ಏನು ಮಾಡುತ್ತಿತ್ತು ಎಂದು ಹುಡುಕಿ ನೋಡಿ, ನಂಬುವುದು ಕಷ್ಟ: ಮಕ್ಕಳ ಸಿನಿಮಾ! ‘ಹಿಯರ್ ಕಮ್ ದ ಟೈಗರ್ಸ್’ನಲ್ಲಿ ಬೇಸ್‌ಬಾಲ್ ಆಡುವ ಚಿಳ್ಳೆಪಿಳ್ಳೆಗಳು, ‘ಮ್ಯಾನಿಸ್ ಆರ್ಫನ್ಸ್’ನಲ್ಲಿ ಫುಟ್‌ಬಾಲ್ ಆಡುವ ಅನಾಥ ಹುಡುಗರು. ಅವು ಹಣ ತರಲಿಲ್ಲ. ‘ಹ್ಯಾಲೊವೀನ್’ ಎಂಬ ಭಯದ ಸಿನಿಮಾ ಗಳಿಸಿದ್ದನ್ನು ಕಂಡು ದಾರಿ ಬದಲಿಸಿದರು. ನ್ಯೂಜೆರ್ಸಿಯ ನೋ-ಬಿ-ಬೋ-ಸ್ಕೋ ಎಂಬ ನಿಜವಾದ ಬಾಯ್ ಸ್ಕೌಟ್ ಶಿಬಿರದಲ್ಲಿ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, 1979ರ ಶರತ್ಕಾಲದಲ್ಲಿ ಕ್ಯಾಮೆರಾ ಇಟ್ಟರು. ಆದರೆ ಕೈ ಅದೇ ಕೈ. ಹುಡುಗರು ಹೇಗೆ ಹರಟುತ್ತಾರೆ, ಹೇಗೆ ಕೀಟಲೆ ಮಾಡುತ್ತಾರೆ ಎಂಬುದು ಬೆರಳುಗಳಿಗೆ ಗೊತ್ತಿತ್ತು.

ಹಾಗಾಗಿಯೇ ಶಿಬಿರದ ಕೀಟಲೆಗಾರ ನೆಡ್ ಹುಟ್ಟಿದ. ಬಿಲ್ಲುಗಾರಿಕೆಯ ಜಾಗದಲ್ಲಿ ಜೊತೆಗಾರ್ತಿ ಬ್ರೆಂಡಾಳ ಪಕ್ಕಕ್ಕೇ ಬಾಣ ಬಿಟ್ಟು ನಗುತ್ತಾನೆ. ಮುಳುಗಿದಂತೆ ನಟಿಸಿ, ಎಲ್ಲರೂ ಗಾಬರಿಯಾಗಿ ಎಳೆದು ತಂದು ಅವಳು ಬಾಯಿಗೆ ಬಾಯಿಟ್ಟು ಉಸಿರು ಕೊಡುವಾಗ ತಬ್ಬಿ ಮುತ್ತಿಡುತ್ತಾನೆ. ಸಿಟ್ಟು ಬರುತ್ತದೆ, ನಗುವೂ ಬರುತ್ತದೆ. ಇದೇ ಕೆರೆಯಲ್ಲಿ ಹಿಂದೊಮ್ಮೆ ಒಂದು ಮಗು (ಅದೇ ಜೇಸನ್) ನಿಜವಾಗಿ ಮುಳುಗಿತ್ತು, ಕಾಯಬೇಕಾದವರ ಗಮನ ಬೇರೆಡೆ ಇತ್ತು, ಈ ಕೊಲೆಗಳಿಗೆಲ್ಲ ಅದೇ ಕಾರಣ ಎಂದು ಕೊನೆಯಲ್ಲಿ ತಿಳಿದಾಗ ನೆಡ್‌ನ ಆ ತಮಾಷೆ ಹಿಂದಿರುಗಿ ಬಂದು ಮೈ ಜುಮ್ಮೆನ್ನಿಸುತ್ತದೆ. ಸಿನಿಮಾ ತನ್ನ ಗುಟ್ಟನ್ನು ಜೋಕಿನ ವೇಷದಲ್ಲಿ ಮೊದಲೇ ಹೇಳಿಬಿಟ್ಟಿತ್ತು!

ನೆಡ್ ಸಾಯುವುದನ್ನೂ ತೋರಿಸುವುದಿಲ್ಲ. ಗೆಳೆಯರಾದ ಜ್ಯಾಕ್, ಮಾರ್ಸಿ ಕೈ ಹಿಡಿದು ಹೋಗುವುದನ್ನು ನೋಡುತ್ತ ಒಬ್ಬನೇ ಉಳಿಯುತ್ತಾನೆ. ಮರದ ಮನೆಯ ಬಾಗಿಲಲ್ಲಿ ಯಾರೋ ಕಾಣುತ್ತಾರೆ. ಸಹಾಯ ಬೇಕೇ ಎಂದು ವಿಚಾರಿಸುತ್ತ ಒಳಗೆ ಹೋಗುತ್ತಾನೆ. ಆಮೇಲೆ ಆ ಜೋಡಿ ಕೆಳಗಿನ ಮಂಚದಲ್ಲಿ ಪ್ರೀತಿಯಲ್ಲಿ ಮೈಮರೆತಿದ್ದಾಗ ಕ್ಯಾಮೆರಾ ಮೆಲ್ಲಗೆ ಮೇಲೇರುತ್ತದೆ. ಮೇಲಿನ ಮಂಚದಲ್ಲಿ ನೆಡ್. ಇಡೀ ಹೊತ್ತು ಬಾಯಿ ಮುಚ್ಚದಿದ್ದವನು.

ಜ್ಯಾಕ್‌ನ ಪಾತ್ರದಲ್ಲಿರುವುದು ಎಳೆಯ ಕೆವಿನ್ ಬೇಕನ್. ಮಂಚದ ಅಡಿಯಿಂದ ಕತ್ತು ತೂರಿ ಬರುವ ಬಾಣಕ್ಕೆ ಅವನು ಬಲಿ. ಟಾಮ್ ಸವೀನಿ ರೂಪಿಸಿದ ಆ ದೃಶ್ಯದಲ್ಲಿ ರಕ್ತದ ಕೊಳವೆ ಪಂಪಿನಿಂದ ಕಳಚಿಕೊಂಡಿತಂತೆ. ಮಂಚದ ಕೆಳಗಿದ್ದ ಸಹಾಯಕ ಟಾಸೊ ಸ್ಟಾವ್ರಾಕಿಸ್ ಕೊಳವೆಗೆ ಬಾಯಿಟ್ಟು ಊದಿದರು, ನಾವು ಇವತ್ತೂ ಕಣ್ಣು ಮುಚ್ಚಿಕೊಳ್ಳುವ ಆ ಚಿಮ್ಮು ಬಂದದ್ದು ಹಾಗೆ. ಪರದೆಯ ಹಿಂದೆಯೂ ಪ್ರಹಸನವೇ!

ಆಗಿನ ವಿಮರ್ಶಕರಿಗೆ ಇದಾವುದೂ ಕಾಣಲಿಲ್ಲ. ಷಿಕಾಗೋದ ಜೀನ್ ಸಿಸ್ಕೆಲ್ ಎಷ್ಟು ಕೆರಳಿದರೆಂದರೆ ವಿಮರ್ಶೆಯಲ್ಲೇ ಹಂತಕಿ ಯಾರೆಂದು ಬಯಲು ಮಾಡಿಬಿಟ್ಟರು. ಅವರ ಸಿಟ್ಟು ಪೂರ್ತಿ ಸುಳ್ಳೂ ಅಲ್ಲ. ಈ ಜಾತಿಯ ಸಿನಿಮಾಗಳಲ್ಲಿ ಮುಕ್ಕಾಲು ಪಾಲು ಸಾಯಲಿಕ್ಕೆಂದೇ ಬಂದ, ಹೆಸರೂ ನೆನಪುಳಿಯದ ಹುಡುಗರ ಮೆರವಣಿಗೆ. ಉಳಿದ ಕಾಲು ಪಾಲಿಗಾಗಿಯೇ ನನ್ನ ಈ ಬಡಬಡಿಕೆ.

ಎರಡನೆಯ ಭಾಗದ (1981) ಜಿನ್ನಿಯನ್ನು ನೋಡಿ. ಏಮಿ ಸ್ಟೀಲ್ ಮಾಡಿದ ಪಾತ್ರ; ಮಕ್ಕಳ ಮನಶ್ಶಾಸ್ತ್ರ ಓದುತ್ತಿರುವ ಹುಡುಗಿ. ಒಂದು ಸಂಜೆ ಊರಿನ ಬಾರ್‌ನಲ್ಲಿ ಬಿಯರ್ ಕುಡಿಯುತ್ತ, ಜೇಸನ್ ನಿಜಕ್ಕೂ ಬದುಕಿದ್ದರೆ ಅವನ ಮನಸ್ಸು ಹೇಗಿದ್ದೀತು ಎಂದು ಯೋಚಿಸುತ್ತಾಳೆ. ತಾಯಿ ಬಿಟ್ಟರೆ ಬೇರೆ ಯಾರನ್ನೂ ಕಾಣದ ಮಗು, ಆ ತಾಯಿಯ ತಲೆ ಹೋಗುವುದನ್ನು ಕಣ್ಣಾರೆ ನೋಡಿದ್ದರೆ? ಜೊತೆಯಲ್ಲಿದ್ದವರು ನಗುತ್ತಾರೆ, ಅಮಲಿನ ಮಾತು ಎನ್ನುತ್ತಾರೆ. ಆದರೆ ಕೊನೆಗೆ ಅವಳನ್ನು ಉಳಿಸುವುದು ಆ ಮಾತೇ! ಜೇಸನ್‌ನ ಗುಡಿಸಲಿನಲ್ಲಿ ಸತ್ತ ತಾಯಿಯ ಸ್ವೆಟರ್ ತೊಟ್ಟು, ತಾಯಿಯ ದನಿಯಲ್ಲಿ ಅವನ ಹೆಸರು ಹಿಡಿದು ಗದರುತ್ತಾಳೆ. ಎತ್ತಿದ ಕೈ ನಿಲ್ಲುತ್ತದೆ. ಕೊಲೆಗಾರನ ಮೇಲೂ ಮರುಕಪಡಬಲ್ಲ ಬುದ್ಧಿ ಇಲ್ಲಿ ಕೈಗೆ ಸಿಕ್ಕ ಆಯುಧವಾಗಿದೆ. ಅದೇ ಬಾರ್‌ನಲ್ಲಿದ್ದ ಕೀಟಲೆಗಾರ ಟೆಡ್ ಏನಾದ ಎಂದಿರಾ? ಇನ್ನೊಂದು ಗ್ಲಾಸ್ ಕುಡಿದು ಬರುತ್ತೇನೆ ಎಂದು ಅಲ್ಲೇ ಉಳಿದ. ಶಿಬಿರದಲ್ಲಿ ಹೆಣಗಳು ಬೀಳುವಾಗ ಅವನಿಗೆ ಸುದ್ದಿಯೂ ಇಲ್ಲ. ಬಿಯರ್ ಆಯಸ್ಸು ಕೊಟ್ಟ ಉದಾಹರಣೆ!

ಅದೇ ವರ್ಷ ಬಂದ ‘ದ ಬರ್ನಿಂಗ್’ನಲ್ಲಿ ಹಂತಕನೇ ಒಂದು ತಮಾಷೆಯ ಫಲ. ಶಿಬಿರದ ಕಾವಲುಗಾರ ಕ್ರಾಪ್ಸಿಯನ್ನು ಹೆದರಿಸಲೆಂದು ಹುಡುಗರು ಹುಳು ಹರಿದಾಡುವ ತಲೆಬುರುಡೆಯಲ್ಲಿ ಮೇಣದಬತ್ತಿ ಹಚ್ಚಿ ಅವನ ಹಾಸಿಗೆಯ ಪಕ್ಕ ಇಡುತ್ತಾರೆ. ಎಚ್ಚೆತ್ತು ಬೆಚ್ಚಿ ಒದ್ದಾಗ ಅದು ಉರುಳುತ್ತದೆ, ಬೆಂಕಿ ಹತ್ತುತ್ತದೆ. ವರ್ಷಗಳ ನಂತರ ಸುಟ್ಟ ಮೈ, ಕೈಯಲ್ಲಿ ತೋಟದ ಕತ್ತರಿ. ಆ ತಮಾಷೆಯಲ್ಲಿ ಪಾಲಿದ್ದ ಹುಡುಗ ಟಾಡ್ ಈಗ ಬೆಳೆದು ಮಕ್ಕಳನ್ನು ಕಾಯುವವನಾಗಿದ್ದಾನೆ!

ಶಿಬಿರದಲ್ಲಿ ಕೊಲೆಗಳು ತಡವಾಗಿ ಬರುತ್ತವೆ. ಅಲ್ಲಿಯವರೆಗೆ ದೋಣಿ, ಬೇಸ್‌ಬಾಲ್, ಊಟದ ಮನೆಯ ಗಲಾಟೆ. ಕೇಳಿದ್ದನ್ನೆಲ್ಲ ತಂದುಕೊಡುವ, ಮಾತಿನ ಮಲ್ಲ ಡೇವ್ ಬಾಯಿ ತೆರೆದರೆ ನಗು. ಈ ತಲೆತುಂಬ ಕೂದಲಿನ ಹುಡುಗನನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿದರೆ ಸರಿಯೇ: ಮುಂದೆ ‘ಸೈನ್‌ಫೆಲ್ಡ್’ನ ಜಾರ್ಜ್ ಆದ ಜೇಸನ್ ಅಲೆಕ್ಸಾಂಡರ್! ಹಿಂದೆ ನಿಂತ ಹುಡುಗಿ? ‘ದ ಪಿಯಾನೋ’ಗೆ ಆಸ್ಕರ್ ಪಡೆದ ಹಾಲಿ ಹಂಟರ್! ಇಬ್ಬರಿಗೂ ಇದು ಮೊದಲ ಸಿನಿಮಾ. ಎಲ್ಲರಿಂದ ಹಿಂಸೆ ಅನುಭವಿಸುವ, ತನ್ನಲ್ಲೂ ಒಂದಿಷ್ಟು ಕೊಳಕು ಬಚ್ಚಿಟ್ಟುಕೊಂಡ ಒಂಟಿ ಆಲ್ಫ್ರೆಡ್ ಆದ ಬ್ರಯನ್ ಬ್ಯಾಕರ್ ಅದೇ 1981ರಲ್ಲಿ ವುಡಿ ಆಲನ್ನರ ನಾಟಕಕ್ಕಾಗಿ ಬ್ರಾಡ್‌ವೇಯ ಟೋನಿ ಪ್ರಶಸ್ತಿ ಪಡೆದ ನಟ. ಇಂಥವರ ಬಾಯಿಗೆ ಬಿದ್ದ ಮಾತು ಜೀವ ತುಂಬಿಕೊಳ್ಳದೆ ಇರುತ್ತದೆಯೇ? ಹಾಗಾಗಿ ಪ್ರಖ್ಯಾತವಾದ ಆ ತೆಪ್ಪದ ದೃಶ್ಯದಲ್ಲಿ ಖಾಲಿ ದೋಣಿಯಿಂದ ಕತ್ತರಿ ಮೇಲೇಳುವಾಗ ನಮ್ಮ ಹೊಟ್ಟೆಯಲ್ಲಿ ಏಳುವ ಸಂಕಟಕ್ಕೆ ಕಾರಣ ಇಲ್ಲೂ ಇದ್ದ ಸವೀನಿಯ ನಕಲಿ ರಕ್ತವಲ್ಲ. ಆ ತೆಪ್ಪದಲ್ಲಿರುವವರು ನಮಗೆ ಪರಿಚಿತರು.

‘ಸ್ಲೀಪ್‌ಅವೇ ಕ್ಯಾಂಪ್’ (1983) ಇನ್ನೂ ವಿಚಿತ್ರ. ನಿರ್ದೇಶಕ ರಾಬರ್ಟ್ ಹಿಲ್ಟ್ಜಿಕ್ ಇದನ್ನು ತನ್ನ ತಾಯಿಯ ನೆನಪಿಗೆ ಅರ್ಪಿಸಿದ್ದಾನೆ. ಸಿನಿಮಾ ನೋಡಿ ಮುಗಿಸಿದ ಮೇಲೆ ಆ ಅರ್ಪಣೆ ನೆನೆಸಿಕೊಂಡರೆ ತಲೆ ತಿರುಗುತ್ತದೆ! ಇಲ್ಲಿ ಮಕ್ಕಳ ಪಾತ್ರಕ್ಕೆ ಮಕ್ಕಳೇ. ಏಂಜೆಲಾ ಆದ ಫೆಲಿಸ್ಸಾ ರೋಸ್‌ಗೆ ಆಗ 13 ವರ್ಷ. ಏಂಜೆಲಾ ಮಾತಾಡುವುದಿಲ್ಲ, ದಿಟ್ಟಿಸುತ್ತಾಳೆ. ಅವಳ ಪರವಾಗಿ ಜಗಳವಾಡುವ ಸೋದರಸಂಬಂಧಿ ರಿಕಿಯ ಬಾಯಿಂದ ಬರುವ ಬೈಗುಳಗಳ ಸುರಿಮಳೆಗೆ ನಕ್ಕೂ ನಕ್ಕೂ ಸಾಕಾಗುತ್ತದೆ. ಅಕ್ಕರೆಯನ್ನು ಹೇಳಲು ಆ ಹುಡುಗನಿಗೆ ಗೊತ್ತಿರುವ ಭಾಷೆ ಅದೊಂದೇ. ಅವಳು ಮೊದಲು ಬಾಯಿ ಬಿಡುವುದು ತನ್ನನ್ನು ಮೃದುವಾಗಿ ಮಾತಾಡಿಸಿದ ಪಾಲ್‌ಗೆ ಶುಭರಾತ್ರಿ ಹೇಳಲು. ನಮಗೂ ಪಾಲ್‌ನಷ್ಟೇ ಖುಷಿ! ಕೊನೆಯ ದೃಶ್ಯವನ್ನು ಹೇಳುವುದಿಲ್ಲ. ಅದರ ಬಗ್ಗೆ ಇವತ್ತಿಗೂ ವಾದ ನಡೆಯುತ್ತಿದೆ, ನಡೆಯಬೇಕಾದ್ದೇ.

ಇಷ್ಟೆಲ್ಲ ಹುಡುಕಾಟ ಹೋಗಿ ಸೇರುವುದು 1986ರ ‘ಜೇಸನ್ ಲಿವ್ಸ್’ಗೆ, ಸರಣಿಯ ಆರನೆಯ ಭಾಗಕ್ಕೆ. ಬರೆದು ನಿರ್ದೇಶಿಸಿದ ಟಾಮ್ ಮೆಕ್ಲಾಫ್ಲಿನ್ ಪ್ಯಾರಿಸ್‌ನಲ್ಲಿ ಮಾರ್ಸೆಲ್ ಮಾರ್ಸೊ ಹತ್ತಿರ ಮೂಕಾಭಿನಯ ಕಲಿತವರು! ನಿರ್ಮಾಪಕರದು ಒಂದೇ ಷರತ್ತು: ಏನು ಬೇಕಾದರೂ ಗೇಲಿ ಮಾಡಿ, ಜೇಸನ್‌ನನ್ನು ಮಾತ್ರ ಬೇಡ. ಮೆಕ್ಲಾಫ್ಲಿನ್ ಸಿಡಿಲು ಬಡಿಸಿ ಜೇಸನ್‌ನ ಹೆಣವನ್ನು ಎಬ್ಬಿಸಿದರು. ಜೇಮ್ಸ್ ಬಾಂಡ್‌ನ ಹಾಗೆ ಜೇಸನ್ ಪರದೆಗೆ ನಡೆದು ಬಂದು ತಿರುಗಿ ಕತ್ತಿ ಬೀಸುತ್ತಾನೆ! ಸ್ಮಶಾನದ ಕಾವಲುಗಾರ ಕ್ಯಾಮೆರಾದ ಕಡೆ, ಅಂದರೆ ನಮ್ಮ ಕಡೆ, ನೇರ ತಿರುಗಿ ಕೆಲವರ ಮನರಂಜನೆಯೇ ವಿಚಿತ್ರ ಎಂದು ಗೊಣಗುತ್ತಾನೆ! ಕೊಲೆಯಾದವಳ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್ ಕೆಸರುನೀರಿನಲ್ಲಿ ತೇಲುತ್ತದೆ. ಹತ್ತು ವರ್ಷಗಳ ನಂತರ ‘ಸ್ಕ್ರೀಮ್’ ಬರೆದ ಕೆವಿನ್ ವಿಲಿಯಮ್ಸನ್‌ಗೆ ಪ್ರೇರಣೆ ಕೊಟ್ಟ ಸಿನಿಮಾಗಳಲ್ಲಿ ಇದೂ ಒಂದು.

ಆದರೆ ದೊಡ್ಡ ಅಚ್ಚರಿ ಬೇರೆಯೇ. ಸರಣಿ ಶುರುವಾಗಿ ಆರು ವರ್ಷವಾದ ಮೇಲೆ ಇಲ್ಲಿ ಕೊನೆಗೂ ಶಿಬಿರಕ್ಕೆ ಮಕ್ಕಳು ಬಂದಿದ್ದಾರೆ! ಮೂಗು ಸೋರುವ, ಹಲ್ಲು ಬಿದ್ದ, ರಾತ್ರಿ ಅಮ್ಮನ ನೆನಪಾಗುವ ಮಕ್ಕಳು. ಒಂದು ಪುಟ್ಟ ಕೂಸು ಸಾರ್ತ್ರನ ‘ನೋ ಎಕ್ಸಿಟ್’ ನಾಟಕ ಹಿಡಿದುಕೊಂಡೇ ನಿದ್ದೆ ಹೋಗಿದೆ. ಕೊಲೆಗಾರ ಹೊರಗೆ ನಡೆದಾಡುತ್ತಿದ್ದಾನೆ, ಕಾಯುವವರು ಒಬ್ಬೊಬ್ಬರೇ ಇಲ್ಲವಾಗುತ್ತಿದ್ದಾರೆ. ಮಂಚದ ಅಡಿಯಲ್ಲಿ ಇಬ್ಬರು ಹುಡುಗರು ಅಂಟಿಕೊಂಡು ಮಲಗಿದ್ದಾರೆ. ತಾವು ಉಳಿಯುವುದಿಲ್ಲ ಎಂಬುದು ಅವರಿಗೆ ಖಾತ್ರಿ. ಒಬ್ಬ ಇನ್ನೊಬ್ಬನ ಕಡೆ ತಿರುಗಿ, ತೀರಾ ಗಂಭೀರವಾಗಿ, ದೊಡ್ಡವನಾದ ಮೇಲೆ ನೀನು ಏನಾಗಬೇಕು ಅಂದುಕೊಂಡಿದ್ದೆ ಎಂದು ವಿಚಾರಿಸುತ್ತಾನೆ!